ಲೋರ್ನಾ ಪೆಟ್ರಿ ಕೇಳಿಸಿಕೊಂಡ ಮಾತು

ಮಾರ್ಚ್ ಹನ್ನೊಂದರ ಬೆಳಿಗ್ಗೆ ಸಡ್ಬರಿ ಊರಿನ ಪೊಲೀಸ್ ಠಾಣೆಗೆ ಬಂದ ಲೋರ್ನಾ ಪೆಟ್ರಿ, ಇನ್‌ಸ್ಪೆಕ್ಟರ್ ಗೋತಿಯೇ ತೋರಿಸಿದ ಕುರ್ಚಿಯಲ್ಲಿ ಹೊಟ್ಟೆ ಹಿಡಿದುಕೊಂಡೇ ಕೂತಳು. ಶಾಲಾ ಬಸ್ಸು ಓಡಿಸುವ ಹೆಂಗಸು. ಮೂತ್ರಪಿಂಡದ ಕ್ಯಾನ್ಸರ್ ರಕ್ತನಾಳದೊಳಗೇ ಬೆಳೆದು ಹೃದಯ ಹೊಕ್ಕಿತ್ತು. ಹೊಟ್ಟೆ, ಎದೆ ಎರಡನ್ನೂ ಕೊಯ್ದು ಆ ಗೆಡ್ಡೆ ತೆಗೆದು ಐದು ವಾರವಾಗಿತ್ತು.

"ಆಪರೇಷನ್ ನಡೀವಾಗ ನಂಗೆ ಎಚ್ಚರ ಇತ್ತು ಸಾರ್. ನೋವೂ ಇತ್ತು. ಬೆರಳು ಅಲ್ಲಾಡಿಸೋಕೂ ಆಗ್ಲಿಲ್ಲ. ಆಸ್ಪತ್ರೆಯೋರು ಕನಸು ಅಂತಾರೆ. ಅವತ್ತಿಂದ ಕಣ್ಣು ಮುಚ್ಚೋಕೇ ಭಯ. ನಿದ್ದೆ ಇಲ್ದೆ ಮಕ್ಕಳ ಬಸ್ಸು ಹೆಂಗೆ ಓಡಿಸ್ಲಿ?"

"ಕನಸಲ್ಲ ಅನ್ನೋಕೆ ಏನಿದೆ?"

"ಒಬ್ರು 'ಬಾಲ ನೋಡ್ರೋ, ಗೊದಮೊಟ್ಟೆ ಥರ ಈಜ್ತಾ ಇದೆ' ಅಂದ್ರು. ಆಮೇಲೆ ಕಿವಿ ಹತ್ರ ಇನ್ಯಾರೋ 'ಕ್ಷಮಿಸಮ್ಮ, ಇನ್ನು ಸ್ವಲ್ಪ ಹೊತ್ತು' ಅಂದ್ರು. ಹುಚ್ಚಿ ಅನ್ಸಿದ್ರೆ ಬರ್ಕೋಬೇಡಿ, ಎದ್ದು ಹೋಗ್ತೀನಿ."

ಗೋತಿಯೇ ದೂರು ಬರೆದುಕೊಂಡ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಆ ಮಾತು ಕೇಳಿ, ಆಪರೇಷನ್ ಮಾಡಿದ್ದ ಶಸ್ತ್ರಚಿಕಿತ್ಸಕ ಬೋನ್ ನಕ್ಕುಬಿಟ್ಟ. "ಗೊದಮೊಟ್ಟೆ ಅಂದೋನು ನಾನೇ ಕಣ್ರೀ! ಹೃದಯದೊಳಗಿನ ಗೆಡ್ಡೆಯ ತುದಿ ಟೇಬಲ್ ಪಕ್ಕದ ಸ್ಕ್ಯಾನ್ ಪರದೇಲಿ ಹಂಗೇ ಕಾಣ್ತಿತ್ತು." ನಗು ಅಲ್ಲೇ ನಿಂತಿತು. "ಆದ್ರೆ... ನಾನು ಅದನ್ನ ಅಂದಾಗ ಎದೆ ತೆರೆದಿತ್ತು. ಅವಳಿಗೆ ಕೇಳಿಸ್ಬಾರ್ದಿತ್ತು."

"ತಲೆ ಹತ್ರ ಯಾರಿದ್ರು?"

"ಅರಿವಳಿಕೆ ಡಾಕ್ಟರ್ ಹ್ಯಾಡೋ. ಅವನಿಲ್ದೆ ಇಂಥ ಕೇಸಿಗೆ ನಾನು ಕೈ ಹಾಕಲ್ಲ. ರಕ್ತದೊತ್ತಡ ಕುಸಿದಿತ್ತು, ಮತ್ತಿನ ಅನಿಲ ಇಳಿಸಿದ್ದ. ನೋವಿನ ಮದ್ದು ಹೋಗ್ತಾ ಇದೆ, ಸಾಕು ಅಂದ."

"ಮದ್ದೇ ಕೊಟ್ಟದ್ದು ಅಂತ ನಿಮಗೆ ಹೇಗೆ ಗೊತ್ತು?"

"ಸಿರಿಂಜು ನೋಡಿದೆ." ಬೋನ್ ದನಿ ಇಳಿಯಿತು. "ಸಿರಿಂಜು ಮಾತ್ರ."

ಮರುದಿನ ಕೋರ್ಟಿನ ಅನುಮತಿ ಪಡೆದು, ಇಬ್ಬರು ನರ್ಸುಗಳ ಎದುರು ಹ್ಯಾಡೋನ ಕಪಾಟು ತೆರೆದು ಪಂಚನಾಮೆ ಮಾಡಿದರು. ಬೂಟಿನೊಳಗೆ ಫೆಂಟನಿಲ್ ಎಂಬ ನೋವಿನ ಮದ್ದು ತುಂಬಿದ ಸಿರಿಂಜುಗಳಿದ್ದವು. ಕೇಳುವ ಮೊದಲೇ ಹ್ಯಾಡೋ ಅಂಗಿಯ ತೋಳು ಮಡಚಿ ಸೂಜಿ ಚುಚ್ಚಿದ ಗುರುತು ತೋರಿಸಿದ.

"ಲೋರ್ನಾಗೆ ಏನು ಕೊಟ್ರಿ?"

"ಉಪ್ಪುನೀರು."

"ಎಚ್ಚರ ಆಗಿದ್ದು ಗೊತ್ತಾಯ್ತಾ?"

"ನಾಡಿ ಏರ್ತು. ಕಣ್ಣಲ್ಲಿ ನೀರು ಬಂತು. ಅನಿಲ ಏರಿಸಿದ್ರೆ ಹೃದಯ ನಿಂತುಹೋಗ್ತಿತ್ತು. ಕೊಡ್ಬೇಕಾದ ಮದ್ದು ನನ್ನ ಮೈಯಲ್ಲಿತ್ತು."

ಎರಡು ವರ್ಷದ ಹಿಂದೆ ಇಂಥದೇ ಆಪರೇಷನ್ನಿನಲ್ಲಿ ಗೆಡ್ಡೆಯ ಚೂರು ಮುರಿದು ಶ್ವಾಸಕೋಶಕ್ಕೆ ಹಾರಿ, ರೋಗಿಯೊಬ್ಬ ಅವನ ಕಣ್ಣೆದುರೇ ಸತ್ತಿದ್ದ. ಅಂದಿನಿಂದ ಹ್ಯಾಡೋನ ಕೈ ನಡುಗುತ್ತಿತ್ತು. ಮದ್ದು ಚುಚ್ಚಿಕೊಂಡರೆ ನಿಲ್ಲುತ್ತಿತ್ತು.

"ಯಾರಿಗಾದ್ರೂ ಹೇಳಬಾರ್ದಿತ್ತೇನ್ರೀ?"

"ಹೇಳಿದ್ರೆ ಮನೆಗೆ ಕಳಿಸ್ತಿದ್ರು. ಈ ಊರಲ್ಲಿ ಈ ಕೆಲಸಕ್ಕೆ ನಾನೊಬ್ಬನೇ."

ಆ ಮಾತು ಸುಳ್ಳಲ್ಲ. ಬೇಡಿ ಹಾಕುವಾಗ ಗೋತಿಯೇಗೆ ಅದೇ ಚುಚ್ಚಿತು.

ಬಂಧನದ ಸುದ್ದಿಯನ್ನು ಅವನು ಲೋರ್ನಾಳ ಮನೆಗೇ ಹೋಗಿ ಹೇಳಿದ.

"ನಾನು ಅತ್ತದ್ದು ಅವನಿಗೆ ಕಾಣಿಸ್ತಾ?"

"ಕಾಣಿಸ್ತಂತೆ ಅಮ್ಮ."

ಅವಳು ಸೋಫಾಗೆ ಒರಗಿದಳು. "ಸ್ವಲ್ಪ ಇಲ್ಲೇ ಕೂತಿರ್ತೀರಾ ಸಾರ್? ಕಣ್ಣು ಮುಚ್ಚಿ ನೋಡ್ತೀನಿ."

ಗೋತಿಯೇ ಕೋಟು ಕಳಚಿ ಕೂತ. ಲೋರ್ನಾಳ ಮುಚ್ಚಿದ ರೆಪ್ಪೆಗಳು ಅದುರುತ್ತಲೇ ಇದ್ದವು.