ಗುಬ್ಬಿ ಓಡಿಸುವ ಡ್ರೋನ್

ಶಾಹಬಾಜನನ್ನು ಮುಗಿಸಬೇಕೆಂದು ಇನಾಯತ ನಿರ್ಧರಿಸಿದ್ದು ಲಕ್ಷ್ಮೇಶ್ವರದ ಮದುವೆಯೊಂದರಲ್ಲಿ, ಬಿರಿಯಾನಿಯ ತಟ್ಟೆಯ ಮುಂದೆ ಕೂತಾಗ.

"ಚಾಚಾ, ಇದನ್ನ ಇನ್ನೂ ಹಾರಸ್ತೀರಿ?" ಊಟಕ್ಕೆ ಕೂತವರ ನಡುವೆ ನಿಂತು ಶಾಹಬಾಜ ಕೇಳಿದ್ದ. ಅವನ ಕೈಯಲ್ಲಿ ಇನಾಯತನ ಹಳೇ ಡ್ರೋನ್ ಇತ್ತು. "ಇದರ ಕಾಲ ಮುಗೀತ್ರಿ. ಜ್ವಾಳದ ಹೊಲದಾಗ ಗುಬ್ಬಿ ಓಡಸಾಕ ಇಟಗೋರಿ, ಅದಕ್ಕ ಬರೋಬ್ಬರಿ ಆಗ್ತೈತಿ."

ಎಲ್ಲರೂ ನಕ್ಕರು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಹರಿಬಿಟ್ಟರು. ಇನಾಯತ ಬೆಟಗೇರಿಗೆ ಮರಳುವಷ್ಟರಲ್ಲಿ ಆ ವಿಡಿಯೊ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಮಗಳು ಕೈನಾತ ಬಾಯಿಗೆ ದುಪಟ್ಟಾ ಒತ್ತಿ ಹಿಡಿದು ನಗುತ್ತಿದ್ದಳು. ಊರಿನವರ ನಗುವನ್ನು ಅವನು ಹೇಗೋ ನುಂಗಿಕೊಳ್ಳುತ್ತಿದ್ದ. ಮಗಳ ನಗು ಮಾತ್ರ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ಈ ಶಾಹಬಾಜನಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದವನು ಯಾರು? ಇದೇ ಇನಾಯತ. ಲೈಟಿನ ಕಂಬ ಹೊತ್ತು ಹಿಂದೆ ಹಿಂದೆ ತಿರುಗುತ್ತಿದ್ದವನಿಗೆ ಈಗ ಗದಗಿನಲ್ಲಿ ಗಾಜಿನ ಬಾಗಿಲಿನ ಸ್ಟುಡಿಯೊ, ಅಂಗೈ ಅಗಲದ ಹೊಸ ಡ್ರೋನ್. ಮದುವೆಯವರು ಮೊದಲು ಅವನನ್ನು ಕೇಳುತ್ತಾರೆ. ಅವನಿಗೆ ಪುರಸೊತ್ತಿಲ್ಲದಿದ್ದರೆ ಆಗ ಇನಾಯತನ ನೆನಪಾಗುತ್ತದೆ.

ಹಳೇ ಡ್ರೋನಿಗೂ ಒಂದು ಕಾಲವಿತ್ತು. ಅದು ಮೇಲೆದ್ದರೆ ಶಿರಹಟ್ಟಿಯ ಮದುವೆಗಳಲ್ಲಿ ಜನ ಮದುಮಗನನ್ನು ಬಿಟ್ಟು ಇನಾಯತನನ್ನು ನೋಡುತ್ತಿದ್ದರು. ಅವನದೊಂದು ಆಟವಿತ್ತು. ಡ್ರೋನನ್ನು ಕಣ್ಣಿಗೆ ಕಾಣದಷ್ಟು ದೂರ ಕಳಿಸಿ, ಎಲ್ಲರೆದುರು ರಿಮೋಟ್ ಬಂದ್ ಮಾಡಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಹೋಯಿತಲ್ಲ ಎಂದು ಜನ ಬಾಯಿ ಬಾಯಿ ಬಿಡುತ್ತಿರುವಾಗ ಅದು ಸಾಕಿದ ಪಾರಿವಾಳದಂತೆ ತಾನಾಗಿಯೇ ಮರಳಿ, ಹೊರಟ ಜಾಗದಲ್ಲೇ, ಅವನ ಕಾಲ ಬಳಿ ಇಳಿಯುತ್ತಿತ್ತು. ಒಮ್ಮೆ ಬೀಗಿತ್ತಿಯೊಬ್ಬಳ ಸೆರಗು ರೆಕ್ಕೆಗೆ ಸಿಕ್ಕಿ ದೊಡ್ಡ ರಂಪವಾಯಿತು. ಅಂದಿನಿಂದ ಅವನು ಬುಟ್ಟಿ ಹೆಣೆಯುವ ಸಾವಕ್ಕನ ಕೈಯಲ್ಲಿ ನಾಲ್ಕು ರೆಕ್ಕೆಗೂ ಬಿದಿರಿನ ಬಳೆ ಮಾಡಿಸಿ, ಹಾರಿಸುವ ಮುಂಚೆ ದಾರದಿಂದ ಕಟ್ಟತೊಡಗಿದ. "ಇನ್ನ ಇದು ಗ್ವಾಡಿಗಿ ಬಡದ್ರೂ ಬೀಳಂಗಿಲ್ಲ, ತಗೋರಿ ಸಾಬ್ರ," ಎಂದಿದ್ದಳು ಸಾವಕ್ಕ.

ಮದುವೆಯಿಂದ ಬಂದ ಮೇಲೆ ಇನಾಯತ ಡ್ರೋನನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತ. ಇದರ ಕಾಲ ಮುಗಿಯಿತೇ? ಹೊಸ ಡ್ರೋನಿಗೆ ಮೈತುಂಬ ಕಣ್ಣು, ಎದುರಿಗೆ ಗೋಡೆ ಬಂದರೆ ತಾನೇ ನಿಲ್ಲುತ್ತದೆ. ಇದು ನಿಲ್ಲುವುದಿಲ್ಲ, ಎಲ್ಲಿಗೆ ನುಗ್ಗಿಸಿದರೆ ಅಲ್ಲಿಗೆ ನುಗ್ಗುತ್ತದೆ. ಹೊಸದಕ್ಕೆ ಹೆಸರು ಬರೆಸಬೇಕು, ಹಾರಿದ ದಾರಿಯೆಲ್ಲ ಎಲ್ಲೋ ದಾಖಲಾಗುತ್ತದೆ. ಇದು ಯಾರ ಹೆಸರಿನಲ್ಲೂ ಇಲ್ಲ. ಅದರ ಒಂದೊಂದು ಕೊರತೆಯೂ ಅವನಿಗೆ ಒಂದೊಂದು ಗುಣವಾಗಿ ಕಾಣತೊಡಗಿತು. ಮದುವೆಗೆ ಬೇಡವಾದ ಯಂತ್ರ ಸಾವಿಗೆ ಹೇಳಿ ಮಾಡಿಸಿದ ಹಾಗಿತ್ತು.

ಜಾಗವೂ ಸಿಕ್ಕಿತು. ಡೋಣಿ ಊರಿನ ಆಚೆ, ಕಪ್ಪತಗುಡ್ಡದ ಒಂದು ಮಗ್ಗುಲಲ್ಲಿ ಮುಂದಕ್ಕೆ ಚಾಚಿದ ದೊಡ್ಡ ಬಂಡೆ, ಅದರ ಹೊಟ್ಟೆಯ ಅಡಿಗೆ ಸಾಲಾಗಿ ಹೆಜ್ಜೇನಿನ ಹುಟ್ಟುಗಳು. ಎದುರಿನ ದಿಬ್ಬದಿಂದ ನೋಡಿದರೆ ಮಾತ್ರ ಅವು ಕಾಣುತ್ತವೆ. ಬುಡದಲ್ಲಿ ನಿಂತವನಿಗೆ ಬರೀ ಬಿಸಿಲು, ಬಂಡೆ, ದೂರದ ಗಾಳಿಯಂತ್ರಗಳು. ಅಲ್ಲಿ ಶಾಹಬಾಜ ತನ್ನ ಡ್ರೋನ್ ಹಾರಿಸಬೇಕು. ಆಗಲೇ ಇನಾಯತನದು ಹುಟ್ಟಿಗೆ ನುಗ್ಗಬೇಕು. ಬಂಡೆಗೆ ಬಡಿದು ರೆಕ್ಕೆ ಮುರಿದ ಅದು, ಮನುಷ್ಯ ಕಾಲಿಡಲಾಗದ ಮುಳ್ಳಿನ ಕೊರಕಲಿಗೆ ಬಿದ್ದು ಮಣ್ಣಾಗುತ್ತದೆ. ಹೆಣದ ಪಕ್ಕ ಸಿಗುವುದು ಶಾಹಬಾಜನದೇ ಡ್ರೋನ್. ಹುಚ್ಚ, ಶೋಕಿಗೆ ಹೋಗಿ ಜೇನು ಎಬ್ಬಿಸಿಕೊಂಡ ಎಂದು ಊರೇ ಹೇಳುತ್ತದೆ. ಹೇಳದಿದ್ದರೆ ಮೊದಲು ತಾನೇ ಹೇಳುವುದೆಂದು ಇನಾಯತ ಅಂದುಕೊಂಡ.

ಖಾಸಿಂಸಾಬನ ಚಹಾದಂಗಡಿಯಲ್ಲಿ ಶಾಹಬಾಜ ತಾನಾಗಿಯೇ ಬಂದು ಪಕ್ಕದಲ್ಲಿ ಕೂತ.

"ಅವತ್ತಿಂದು ಮನಸಿಗಿ ಹಚಗೋಬ್ಯಾಡ್ರಿ ಚಾಚಾ. ನನ್ನ ಬಾಯಿ ಸುಮ್ಮ ಇರಂಗಿಲ್ಲ. ಮನ್ಯಾಗ ಆಯೇಶಾನೂ ಬೈದಳು."

"ಅದನ್ನ ಗುಜರಿಗಿ ಹಾಕಿದೆ ಬಿಡು," ಇನಾಯತ ಅಂಗಡಿಯವನಿಗೂ ಕೇಳಲೆಂದು ದನಿ ಎತ್ತರಿಸಿದ. "ಖರೆ ಹೇಳ್ದಿ ನೀ. ಅದರ ಕಾಲ ಮುಗೀತು."

"ಹೊಸಾದು ನಾ ಕೊಡಸ್ತೀನ್ರಿ."

ಕೊಡಿಸುತ್ತಾನಂತೆ, ದೊಡ್ಡ ಮನುಷ್ಯ. ಇನಾಯತನ ಮುಖದಲ್ಲಿ ಮುಗುಳ್ನಗೆ ಹಾಗೇ ಇತ್ತು. ಖಾಸಿಂಸಾಬ ಹಾಲು ತರಲು ಒಳಗೆ ಹೋದದ್ದನ್ನು ನೋಡಿ ಅವನು ದನಿ ತಗ್ಗಿಸಿದ.

"ಡೋಣಿ ಗುಡ್ಡದಾಗ ಒಂದ್ ದೊಡ್ಡ ಕಲ್ಲ ಐತಿ. ಮುಂಜಾನೆ ಬಿಸಲು ಬಿದ್ರ ಬಂಗಾರ ಆಗ್ತೈತಿ. ಅಲ್ಲಿ ಇನ್ನೂ ಯಾರೂ ಮದುವಿ ಜೋಡಿ ನಿಲ್ಲಿಸಿಲ್ಲ. ಒಬ್ಬನ ಹೋಗಿ ನೋಡಕೊಂಡು ಬಾ. ನಾಕು ಮಂದಿಗಿ ಹೇಳಿದಿ ಅಂದ್ರ ಎಲ್ಲಾರೂ ಅಲ್ಲೇ ಇರ್ತಾರ."

"ಜುಮ್ಮಾ ದಿನ ಹೋಗ್ತೀನ್ರಿ, ನಮಾಜಿಗಿ ತಿರುಗಿ ಬರಾಕ ಆಗ್ತೈತಿ," ಎಂದು ಶಾಹಬಾಜ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹೋದ.

ಶುಕ್ರವಾರ ಬೆಳಿಗ್ಗೆ ಇನಾಯತ ಡೋಣಿಯತ್ತ ಹೋಗುವ ಡಂಬಳದ ದಾರಿ ಹಿಡಿದ. ಬೈಕನ್ನು ಯಾರ ಕಣ್ಣಿಗೂ ಬೀಳದಂತೆ ದೂರದ ಹಳ್ಳದಲ್ಲಿ ಬಿಟ್ಟು ಬಂಡೆಯೆದುರಿನ ದಿಬ್ಬ ಹತ್ತಿದ. ದಾರಿಯುದ್ದಕ್ಕೂ ಮುಂದಿನದೆಲ್ಲ ಲೆಕ್ಕ ಹಾಕುತ್ತಿದ್ದ. ಸುದ್ದಿ ಬಂದಾಗ ಎಷ್ಟು ಹೊತ್ತು ಮಾತಿಲ್ಲದೆ ಕೂರಬೇಕು, ಜನಾಜಾಕ್ಕೆ ಯಾವ ಕಡೆ ಹೆಗಲು ಕೊಡಬೇಕು, ಪೇಪರಿನವರಿಗೆ ಶಾಹಬಾಜನ ಯಾವ ಫೋಟೊ ಕೊಡಬೇಕು. ಅವನ ನಿಕಾಹ್ ದಿನದ್ದು ಚೆನ್ನಾಗಿದೆ, ಆಯೇಶಾಳನ್ನು ಕತ್ತರಿಸಿದರೆ ಸಾಕು ಎಂದು ತೀರ್ಮಾನಿಸಿದ. ಆಯೇಶಾ ಅಳುತ್ತಾಳೆ. ಅಳಲಿ.

ದಿಬ್ಬದ ಮೇಲೆ ಚಪ್ಪಟೆ ಕಲ್ಲೊಂದನ್ನು ಆರಿಸಿ ಡ್ರೋನ್ ಹೊರತೆಗೆದ. ಮದುವೆಮನೆಯಲ್ಲಿ ಮಾಡುವ ಕೆಲಸಗಳನ್ನೆಲ್ಲ ಕೈ ತಾನಾಗಿಯೇ ಮಾಡಿತು. ಕಣ್ಣು ಮಾತ್ರ ಕೆಳಗಿನ ದಾರಿಯ ಮೇಲಿತ್ತು. ಬಿಳಿ ಕಾರು ಬಂತು. ಶಾಹಬಾಜ ಒಬ್ಬನೇ ಇಳಿದು ಬಂಡೆಯ ಬುಡಕ್ಕೆ ನಡೆದ, ಬಿಸಿಲು ನೋಡಿ ಖುಷಿಯಿಂದ ಶಿಳ್ಳೆ ಹಾಕಿದ, ತನ್ನ ಡ್ರೋನನ್ನು ಮೇಲೆ ಬಿಟ್ಟ.

ಇನಾಯತ ಅದು ಮೇಲೇರುವವರೆಗೆ ಕಾದು ತನ್ನದನ್ನು ಎಬ್ಬಿಸಿದ. ಮುದಿ ಡ್ರೋನ್ ಗರಗಸದಂತೆ ಕಿರುಗುಟ್ಟುತ್ತ ಕಣಿವೆ ದಾಟಿತು. ಪರದೆಯ ಮೇಲೆ ದೊಡ್ಡ ಹುಟ್ಟು ಹತ್ತಿರ ಹತ್ತಿರ ಬಂತು, ಹೊಳೆಯುವ ಕಪ್ಪು ಮೈ ಅಲೆಅಲೆಯಾಗಿ ಹೊರಳಿತು. ಅವನು ಹೆಬ್ಬೆರಳನ್ನು ಕೊನೆಯವರೆಗೂ ಒತ್ತಿದ. ಪರದೆ ಹಳದಿಯಾಯಿತು, ಆಮೇಲೆ ಕಪ್ಪಾಯಿತು. ಬಂಡೆಯ ಕೆಳಗೆ ಧಪ್ಪೆಂದು ಏನೋ ಬಿದ್ದ ಸದ್ದು ಕೇಳಿಸಿತು.

ಹೋಯಿತು ಪಾಪ, ಎಷ್ಟು ದುಡಿದಿತ್ತು ಎಂದು ಡ್ರೋನಿಗಾಗಿ ಅವನ ಕರುಳು ಚುರ್ರೆಂದಿತು. ರಿಮೋಟ್ ಬಂದ್ ಮಾಡಿ ಚೀಲಕ್ಕೆ ಹಾಕಿದ. ಫ್ಲಾಸ್ಕ್ ತೆಗೆದು ಚಹಾ ಬಗ್ಗಿಸಿಕೊಂಡ.

ಕೆಳಗೆ ಶಾಹಬಾಜ ಅಮ್ಮೀ ಎಂದು ಕೂಗಿದ. ಎರಡನೆಯ ಕೂಗಿಗೆ ಅಕ್ಷರವಿರಲಿಲ್ಲ. ಇನಾಯತ ಕಣ್ಣು ಮುಚ್ಚಿ ಕೇಳಿದ. ಲಕ್ಷ್ಮೇಶ್ವರದ ಆ ನಗುವಿಗೆ ಇದು ಸರಿಹೋಯಿತು ಎಂದುಕೊಂಡ. ಚಹಾ ಅಂದು ಬಹಳ ರುಚಿಯಾಗಿತ್ತು.

ಆದರೆ ಕೂಗು ಬೇಗ ನಿಂತಿತು. ಕಾರಿನ ಬಾಗಿಲು ದಡಾರೆಂದು ಮುಚ್ಚಿಕೊಂಡಿತು. ಇನಾಯತ ಎದ್ದು ಬಗ್ಗಿ ನೋಡಿದ. ಶಾಹಬಾಜ ಗಾಜು ಏರಿಸಿ, ಊದಿದ ಮುಖವನ್ನು ಕೈಯಲ್ಲಿ ಹಿಡಿದು ಒಳಗೆ ಕೂತಿದ್ದ. ಮುರಿದುಬಿದ್ದ ಜೇನುಹುಟ್ಟು ಬಂಡೆಯ ಬುಡದಲ್ಲಿ ಚೆಲ್ಲಿತ್ತು. ಕಾರಿನ ಸುತ್ತ ಮಾತ್ರ ಒಂದು ಹುಳವೂ ಇರಲಿಲ್ಲ. ಜೇನು ಅವನನ್ನು ಅಲ್ಲೇ ಬಿಟ್ಟು, ತನ್ನ ಮನೆ ಮುರಿದವನ ಬೆನ್ನು ಹತ್ತಿ ಮೇಲೆದ್ದಿತ್ತು.

ಆಗ ಇನಾಯತನಿಗೆ ಆ ಗರಗಸದ ಸದ್ದು ಕೇಳಿಸಿತು. ಹತ್ತು ಮದುವೆಗಳ ಗದ್ದಲದಲ್ಲೂ ಅವನು ಗುರುತಿಸಬಲ್ಲ ಸದ್ದು. ಕಣಿವೆಯ ಮೇಲೆ, ಕಪ್ಪು ಕಂಬಳಿಯಷ್ಟು ಜೇನನ್ನು ಹಿಂದಿಟ್ಟುಕೊಂಡು, ಜೇನುತುಪ್ಪ ಸುರಿಸುತ್ತ ಹಳೇ ಡ್ರೋನ್ ನೆಟ್ಟಗೆ ತಾನು ಹೊರಟ ಕಲ್ಲಿಗೇ ಬರುತ್ತಿತ್ತು. ಅವನು ಚೀಲಕ್ಕೆ ಕೈ ಹಾಕಿದ, ರಿಮೋಟ್ ಹೊತ್ತಿಕೊಳ್ಳಲು ತಡಮಾಡಿತು. ಬೈಕ್ ದೂರದ ಹಳ್ಳದಲ್ಲಿತ್ತು, ದಿಬ್ಬದ ಮೇಲೆ ಅಡಗಲು ಒಂದು ಗಿಡವೂ ಇರಲಿಲ್ಲ. ಡ್ರೋನ್ ಯಾವ ಅವಸರವೂ ಇಲ್ಲದೆ, ಶಿರಹಟ್ಟಿಯ ಮದುವೆಗಳಲ್ಲಿ ಇಳಿಯುತ್ತಿದ್ದಂತೆಯೇ, ಅವನ ಕಾಲ ಬಳಿ ಇಳಿಯಿತು. ರೆಕ್ಕೆ ಒಂದೂ ಮುರಿದಿರಲಿಲ್ಲ. ನಾಲ್ಕಕ್ಕೂ ಸಾವಕ್ಕನ ಬಿದಿರಿನ ಬಳೆ ಹಾಗೇ ಇತ್ತು, ಬೆಳಿಗ್ಗೆ ದಾರಿ ನೋಡುತ್ತ ನೋಡುತ್ತ, ರೂಢಿಯಂತೆ ಅವನ ಕೈಯೇ ಬಿಗಿಯಾಗಿ ಕಟ್ಟಿದ್ದು.