ಸಿದ್ದವ್ವ ಗೆದ್ದ ಊರುಗಳು

ಸಿದ್ದವ್ವ ಬಾಯಿ ಮುಚ್ಚುವ ಮೊದಲೇ ಚನ್ನವೀರಪ್ಪನ ಬಲಗಿವಿಯೊಳಗಿದ್ದ, ಹುಣಸೆಬೀಜದಷ್ಟು ಗಾತ್ರದ ಯಂತ್ರ ಉತ್ತರ ಹೇಳಿಬಿಟ್ಟಿತು.

"ಮುಂದಿಂದು ಕುಡಿಯೂದು, ಹಿಂದಿಂದು ಸಂತ್ಯಾಗ ಕೇಳೂದು, ಎರಡೂ ಕೂಡಿದ್ರ ಮೈಮ್ಯಾಲ ಬೀಳೂದು," ಎಂದಿದ್ದಳು ಅವಳು, ಆಸ್ಪತ್ರೆಯ ಹಾಸಿಗೆಯಲ್ಲಿ ಮುದುಡಿಕೊಂಡು.

'ಚಾದರ' ಎಂದಿತು ಯಂತ್ರ. ಮುಂದಿನದು ಚಾ, ಹಿಂದಿನದು ದರ. ಚನ್ನವೀರಪ್ಪ ಎದ್ದು ಚಾದರ ತಂದು ಹೆಂಡತಿಗೆ ಹೊದಿಸಿದ. ಅವಳ ನಡುಕ ನಿಂತಿತು.

ಮೆದುಳಿನ ರಕ್ತನಾಳವೊಂದು ಒಡೆದು ಸಿದ್ದವ್ವನ ನಾಲಿಗೆಯಿಂದ ಎಷ್ಟೋ ಹೆಸರುಗಳನ್ನು ಕಿತ್ತುಕೊಂಡಿತ್ತು. ನೀರು, ಅನ್ನ, ಮಗಳ ಹೆಸರು, ಯಾವುದೂ ಬಾಯಿಗೆ ಬರುತ್ತಿರಲಿಲ್ಲ. ಆದರೆ ಎಳೆತನದಿಂದ ಉರು ಹೊಡೆದ ಒಗಟುಗಳು ಮೆದುಳಿನ ಬೇರೊಂದು ಮೂಲೆಯಲ್ಲಿ ಇಡಿಯಾಗಿ ಉಳಿದಿದ್ದವು. ಹಾಗಾಗಿ ಬೇಕಾದ ವಸ್ತುವನ್ನೆಲ್ಲ ಅವಳು ಒಗಟಿನಲ್ಲೇ ಕೇಳುತ್ತಿದ್ದಳು. ನರ್ಸುಗಳು ತಲೆ ಕೆರೆದುಕೊಳ್ಳುತ್ತಿದ್ದರು. ಇಂಥ ರೋಗಿಗಳಿಗಾಗಿಯೇ ಡಾ. ಅಂಬುಜಾ ಹೊನ್ನಳ್ಳಿ 'ಒಗಟುಗಿವಿ'ಯನ್ನು ರೂಪಿಸಿದ್ದರು. ಅನುವಾದ ಯಂತ್ರಗಳು ಮಾತಿನ ನೇರ ಅರ್ಥವನ್ನಷ್ಟೇ ಹುಡುಕುತ್ತವೆ. ಇದರೊಳಗಿನ ಪದಭೇದಕ ಹಾಗಲ್ಲ, ಒಂದು ಪದವನ್ನು ಸಾಧ್ಯವಿರುವಷ್ಟೂ ಬಗೆಯಲ್ಲಿ ಮುರಿದು, ಕೂಡಿಸಿ, ತಲೆಬಾಲ ಕತ್ತರಿಸಿ, ಕೇಳಿದ ಮಾತಿಗೆ ಹೊಂದುವ ಪದವನ್ನು ಕ್ಷಣದಲ್ಲಿ ಹೆಕ್ಕಿ ತೆಗೆಯುತ್ತಿತ್ತು.

"ಅಜ್ಜಾರ, ಅಜ್ಜಿಗೆ ಏನು ಬೇಕು ಅನ್ನೋದು ತಿಳಿಯಲಿ ಅಂತ ಇದನ್ನ ಕೊಟ್ಟೀನಿ. ಇಂಥಾದ್ದು ಹಾಕ್ಕೊಂಡೀನಿ ಅಂತ ಅವರಿಗೂ ಹೇಳಿಬಿಡ್ರಿ," ಎಂದಿದ್ದರು ಡಾಕ್ಟರು.

ಚನ್ನವೀರಪ್ಪ ಹೇಳಲಿಲ್ಲ. ಕಿವಿ ಮಂದವಾಗಿದೆ, ಅದಕ್ಕೆ ಹಾಕಿಕೊಂಡಿದ್ದೇನೆ ಎಂದು ಒಂದು ಸುಳ್ಳು ಬಿಟ್ಟ. ಯಾಕೆ ಹಾಗಂದೆ ಎಂದು ಆಮೇಲೆ ತನ್ನನ್ನೇ ಎಷ್ಟು ಸಲ ಕೇಳಿಕೊಂಡನೋ. ಉತ್ತರ ಅವನಿಗೆ ಗೊತ್ತೇ ಇತ್ತು. ಒಂದು ಸಲ, ಒಂದೇ ಒಂದು ಸಲ ಅವಳನ್ನು ಸೋಲಿಸಬೇಕಿತ್ತು.

ಅವರ ಕಡೆ ಒಗಟಿನ ಆಟಕ್ಕೊಂದು ಕಟ್ಟಳೆಯಿದೆ. ಒಗಟು ಒಡೆಯಲಾರದವರು ಎದುರಿನವರಿಗೆ ಒಂದು ಊರು ಕೊಡಬೇಕು; ಒಡೆದರೆ, ಒಗಟು ಹಾಕಿದವರು ಹಿಂದೆ ಗೆದ್ದ ಊರೊಂದನ್ನು ಹಿಂದಿರುಗಿಸಬೇಕು. ಬಾಯಿಮಾತಿನ ಊರು, ಅಷ್ಟೇ. ಊರು ಕೈಸೇರಿದ ಮೇಲೆಯೇ ಗೆದ್ದವರು ಉತ್ತರ ಬಿಟ್ಟುಕೊಡುವುದು. ಮದುವೆಯಾದ ಮೊದಲ ರಾತ್ರಿಯೇ ಸಿದ್ದವ್ವ ಅವನಿಂದ ನರೇಗಲ್ ಊರನ್ನು ಕಸಿದುಕೊಂಡಿದ್ದಳು. ಅವನು ಬಸ್ ಕಂಡಕ್ಟರ್, ಊರುಗಳಿಗೇನು ಬರ. ತನ್ನ ಮಾರ್ಗದ ನಿಲ್ದಾಣಗಳನ್ನು ಒಂದೊಂದಾಗಿ ಸೋತ. ನಿವೃತ್ತನಾಗುವ ಹೊತ್ತಿಗೆ ಜಿಲ್ಲೆಯೇ ಅವಳದಾಗಿತ್ತು. "ನಮ್ಮ ಬಸ್ಸು ಓಡೂದು ಇವಳ ಸೀಮ್ಯಾಗರೀ," ಎಂದು ಅವನು ನಗೆಯಾಡಿದರೆ, ಅವಳು ಜಹಗೀರುದಾರಳ ಗತ್ತಿನಲ್ಲಿ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು.

ಚಾದರ ಹೊದಿಸಿದ ಆ ಸಂಜೆ ಅವಳು ಆಟಕ್ಕೆ ಕರೆದಳು.

"ಇಡಿಯಾಗಿ ಬಾಯಿಗೆ, ನಡು ಮುರಿದ್ರ ಬಟ್ಟಿಗೆ, ಬಾಲ ಕೊಯ್ದ್ರ ಸಾವ್ಕಾರಗ. ಒಡೀರಿ, ಇಲ್ಲಾ ಊರು ಕೊಡ್ರಿ."

ಅದೇ ಒಗಟಿಗೆ ಅವನು ಹಿಂದೊಮ್ಮೆ ಸೋತಿದ್ದ, ಉತ್ತರವನ್ನು ಕೇಳಿ ಮರೆತೂ ಇದ್ದ. ಈಗ ಕಿವಿಯಲ್ಲಿ ಯಂತ್ರ ಪಿಸುಗುಟ್ಟಿತು. "ಕಡಲೆ," ಎಂದ ಅವನು. "ನಡು ತಗದ್ರ ಕಲೆ, ಬಾಲ ತಗದ್ರ ಕಡ."

ಅವಳ ಹುಬ್ಬು ಮೇಲೇರಿತು. ಇನ್ನೊಂದು ಹಾಕಿದಳು. ಅದನ್ನೂ ಒಡೆದ. ಮತ್ತೊಂದು. ಅದೂ ಹೋಯಿತು. ಚನ್ನವೀರಪ್ಪ ಹುಮ್ಮಸ್ಸಿನಿಂದ ತೊಡೆ ತಟ್ಟಿಕೊಂಡು ನಕ್ಕ. ಮರುದಿನವೂ ಅದೇ ಆಟ, ಅದರ ಮರುದಿನವೂ. ಸೋತ ಅವಳು ಗೆದ್ದ ಊರುಗಳನ್ನು ಹಿಂದಿರುಗಿಸತೊಡಗಿದಳು. ಹೆಸರು ಬಾರದ್ದರಿಂದ ಗುರುತು ಹೇಳುತ್ತಿದ್ದಳು. "ನೀವು ಮಳ್ಯಾಗ ಬಸ್ಸು ಸಿಕ್ಕಿಸ್ಕೊಂಡು ಕುಂತಿದ್ರಲ್ಲ, ಅದನ್ನ ತಗೋರಿ." ಕಡೆಗೆ ಉಳಿದದ್ದು ಅವಳ ತವರು. ಅದನ್ನೂ ಎರಡೂ ಕೈಯಿಂದ ಎತ್ತಿ ಕೊಡುವವಳಂತೆ ಮಾಡಿ, ಗೋಡೆಯತ್ತ ಹೊರಳಿ ಮಲಗಿದಳು.

ಮರುದಿನ ಅವಳು ಮಾತಾಡಲಿಲ್ಲ. ನೀರನ್ನೂ ಕೇಳಲಿಲ್ಲ.

ಡಾ. ಹೊನ್ನಳ್ಳಿ ಪರೀಕ್ಷಿಸಿ ನೋಡಿ ಮುಖ ಸಣ್ಣದು ಮಾಡಿದರು. "ಮೆದುಳಿನ್ಯಾಗ ಹೊಸಾ ತೊಂದರಿ ಏನೂ ಇಲ್ಲ. ಆದ್ರ ಹಿಂಗ ಬಾಯಿ ಮುಚ್ಚಿದ್ರ ಇದ್ದ ಮಾತೂ ಬತ್ತಿಹೋಗ್ತಾವ ಅಜ್ಜಾರ. ಹೆಂಗರ ಮಾಡಿ ಮಾತಾಡಸ್ರಿ."

ಚನ್ನವೀರಪ್ಪ ಹಾಸಿಗೆಯ ಅಂಚಿನಲ್ಲಿ ಕೂತು ಬೇಡಿಕೊಂಡ. "ಏನಾತು, ಹೇಳು. ಸೋತದ್ದಕ್ಕ ಸಿಟ್ಟಾ?"

ಅವಳು ಗೋಡೆಯ ಕಡೆಗೇ ಮುಖ ಮಾಡಿ ಹೇಳಿದಳು. "ನಿಮಗ ಉತ್ತರ ಮೊದಲಿಂದ್ಲೂ ಬರ್ತಿದ್ವು. ಎಲ್ಲಾ ಬರ್ತಿದ್ವು. ಪಾಪ ಅಂತ ನನ್ನ ಗೆಲ್ಲಿಸಿದ್ರಿ. ನಾ ಗೆದ್ದೀನಿ ಅಂತ ಊರ ತುಂಬ ಹೇಳ್ಕೊಂತ ತಿರುಗಿದ್ನಿ."

ಒಂದು ಗೆಲುವಿನ ಆಸೆಗೆ ಚನ್ನವೀರಪ್ಪ ಅವಳ ಬದುಕಿನ ಗೆಲುವುಗಳನ್ನೆಲ್ಲ ಸುಳ್ಳು ಮಾಡಿಬಿಟ್ಟಿದ್ದ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ. ಕಿವಿಯಿಂದ ಯಂತ್ರವನ್ನು ಕಿತ್ತು ಅವಳ ಅಂಗೈಯಲ್ಲಿಟ್ಟ.

"ಇದು ಹೇಳಿಕೊಡ್ತಿತ್ತು. ನನಗ ಒಂದೂ ಬರ್ತಿದ್ದಿಲ್ಲ, ಇವತ್ತಿಗೂ ಬರಾಂಗಿಲ್ಲ. ಮೋಸ ಮಾಡೀನಿ ನಾ. ನೀ ಗೆದ್ದದ್ದು ಖರೇ ಗೆಲುವು."

ಅವಳು ಯಂತ್ರವನ್ನು ನೋಡಲೂ ಇಲ್ಲ. ಹೊರಳಿ ಅವನ ಮುಖವನ್ನೇ ನೋಡಿದಳು.

ಅವನು ಓಡಿಹೋಗಿ ಡಾಕ್ಟರನ್ನು ಕರೆತಂದ. ಯಂತ್ರ ಪದಗಳನ್ನು ಹೇಗೆ ಮುರಿಯುತ್ತದೆ, ಹೇಗೆ ಕಿವಿಯಲ್ಲಿ ಉಸುರುತ್ತದೆ ಎಂದು ಅವರು ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು. ಸಿದ್ದವ್ವ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡಳು. ಆಮೇಲೆ ಅವಳ ಮುಖದಲ್ಲಿ ನಗು ಅರಳಿತು.

"ನಿಮಗೂ ಹೇಳಿಕೊಟ್ಟಾರ ಇವರು," ಎಂದಳು ಡಾಕ್ಟರಿಗೆ. "ನನ್ನ ಊರು ನನಗ ತಿರುಗಿ ಸಿಗಲಿ ಅಂತ ಈಗ ಈ ಸೋಗು. ಇಂಥಾ ಗಂಡ ಯಾರಿಗೆ ಸಿಗ್ತಾನ ಹೇಳ್ರಿ."

"ಇಲ್ಲಜ್ಜಿ, ಖರೇನ..." ಎಂದರು ಡಾಕ್ಟರು.

"ಇರ್ಲಿ ಬಿಡ್ರಿ," ಎಂದು ಸಿದ್ದವ್ವ ಅವರ ಕೈ ತಟ್ಟಿದಳು.

ಅಂದಿನಿಂದ ಅವಳ ಬಾಯಿ ಬಿಚ್ಚಿತು. ಬಂದ ನರ್ಸುಗಳಿಗೆಲ್ಲ, ಪಕ್ಕದ ಹಾಸಿಗೆಯವರಿಗೆಲ್ಲ ಅದೇ ಕಥೆ. ಈ ಮನುಷ್ಯ ಎಲ್ಲ ಗೊತ್ತಿದ್ದೂ ಮದುವೆಯಾದಾಗಿನಿಂದ ಹೆಂಡತಿಯ ಮುಂದೆ ಸೋತವನು. ಹೇಳುತ್ತ ಹೇಳುತ್ತ ಅಲ್ಲೊಂದು ಇಲ್ಲೊಂದು ಹೆಸರೂ ನಾಲಿಗೆಗೆ ಮರಳಿತು. ಡಾ. ಹೊನ್ನಳ್ಳಿಯವರಿಗೆ ಖುಷಿಯೋ ಖುಷಿ. ಯಂತ್ರ ಕೊಡಲಾಗದ ಮಾತನ್ನು ಯಂತ್ರದ ಮೋಸ ಕೊಟ್ಟಿತಲ್ಲ ಎಂದು ಅವರು ನಕ್ಕರೆ, ಚನ್ನವೀರಪ್ಪ ನೆಲ ನೋಡುತ್ತಿದ್ದ. ಜನ ಬಂದು ಅವನ ಕೈಕುಲುಕಿ ಹೋಗುತ್ತಿದ್ದರು. ಪ್ರತಿ ಸಲವೂ ಕಳ್ಳನಿಗೆ ಸನ್ಮಾನ ಮಾಡಿದಂತೆ ಅವನು ಕುಗ್ಗಿಹೋಗುತ್ತಿದ್ದ.

ಒಂದು ಮಧ್ಯಾಹ್ನ ಅವನೇ ಬಾಯಿ ಬಿಟ್ಟು ಕೇಳಿಕೊಂಡ. "ಒಂದು ಒಗಟು ಹಾಕು. ಕಿವ್ಯಾಗ ಏನೂ ಇಲ್ಲ, ನೋಡು."

ಅವಳು ಯೋಚಿಸಿ ಹಾಕಿದಳು. "ಮುಂದ ಸೀಮಿ ಅಂಚು, ಹಿಂದ ಒಂದು ಪ್ರಶ್ನೆ, ಎರಡೂ ಕೂಡಿ ಗ್ವಾಡಿ ಮ್ಯಾಲ ನಡೀತಾವ."

ಚನ್ನವೀರಪ್ಪ ತಿಣುಕಿದ. ಹಲ್ಲಿ ಎಂದ, ಅಲ್ಲ. ಇರುವೆ ಎಂದ, ಅದೂ ಅಲ್ಲ. ಹಣೆಯಲ್ಲಿ ಬೆವರೊಡೆಯಿತು. ನಿಜವಾಗಿಯೂ ಗೊತ್ತಿರಲಿಲ್ಲ. ಹಳೆಯ ಸಿದ್ದವ್ವನಾಗಿದ್ದರೆ ಕಣ್ಣರಳಿಸಿ, ಊರು ಕೊಡ್ರಿ ಎಂದು ಕೈಚಾಚಬೇಕಿತ್ತು. ಅವನು ಅದಕ್ಕೇ ಕಾದ. ಕೊಡಲು ಊರೊಂದನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದ, ಅವಳ ತವರನ್ನು.

ಅವಳು ಅವನ ಬೆವರನ್ನು ಸೆರಗಿನಿಂದ ಒರೆಸಿದಳು. "ಸಾಕ್ ಬಿಡ್ರಿ, ನನ್ನ ಸಲುವಾಗಿ ಎಷ್ಟಂತ ತ್ರಾಸ ತಗೋತೀರಿ," ಎಂದು, ಊರು ಕೇಳದೆಯೇ, ಗೋಡೆಯ ಮೇಲಿನ ಗಡಿಯಾರದ ಕಡೆ ಬೆರಳು ತೋರಿಸಿದಳು.