ಮೂರನೇ ಬೀಗ

ಹೆಡ್ ಕಾನ್‌ಸ್ಟೇಬಲ್ ಶೈಲಶ್ರೀ ಠಾಣಾ ದಿನಚರಿಯಲ್ಲಿ ಹಾಜರಾತಿಯ ಅರ್ಧ ಸಾಲು ಬರೆದಿದ್ದಳು. ಮಂಗಳವಾರ, ಬೆಳಿಗ್ಗೆ 10.40. ಪುಣೆಯ ಧನಕವಡಿ ಬಡಾವಣೆಯ ಉದ್ಯಾನ ಸಮಿತಿಯ ಕಾರ್ಯದರ್ಶಿ ಶ್ಯಾಮ ದೂರು ತಂದರು.

“ಪಾರ್ಕಿನ ಶೌಚಾಲಯದ ಬೀಗ ಒಡದಾರ್ರಿ ಮೇಡಂ. ಇದು ಮೂರನೇದು.”

“ಯಾವಾಗ?”

“ನಿನ್ನಿ ಮಧ್ಯಾಹ್ನ. ಹನ್ನೆರಡರಿಂದ ನಾಕರ ತನಕಾ ಕೀಲಿ ಹಾಕಿರ್ತೀವಲ್ರಿ. ಮನಿಗೆಲಸದ ಹೆಣ್ಮಕ್ಕಳು ಅಲ್ಲೇ ಠಿಕಾಣಿ ಹೂಡ್ತಾರಂತ ಅರ್ಜಿ ಕೊಟ್ಟಿದ್ವಿ. ನೀವೂ ಸಹಿ ಮಾಡೀರಿ, ಮರತ್ರೇನು?”

ಮರೆತಿರಲಿಲ್ಲ; ಅವಳ ಮನೆಯೂ ಪಾರ್ಕಿನ ಓಣಿಯಲ್ಲೇ ಇತ್ತು. ಎಫ್‌ಐಆರ್ ದಾಖಲಾಯಿತು.

11.30ಕ್ಕೆ ಇನ್‌ಸ್ಪೆಕ್ಟರ್ ಭುಜಂಗ ಇಬ್ಬರು ಪಂಚರೊಂದಿಗೆ ಉದ್ಯಾನಕ್ಕೆ ಹೋದರು. ಭುಜಂಗ ಸೊಲ್ಲಾಪುರ ಕಡೆಯವರು, ಕನ್ನಡ ಬಲ್ಲವರು. ಪಂಚನಾಮೆ ಬರೆಯುವ ಕೆಲಸ ಶೈಲಶ್ರೀಯದು. ಮುರಿದ ಬೀಗ ಒಂದು, ಕಲ್ಲು ಒಂದು. ಚಿಲಕದ ಮೇಲೆ ಬೂದುಬಣ್ಣದ ಏನೋ ಒಣಗಿ ಅಂಟಿಕೊಂಡಿತ್ತು. ಅದರ ಮೇಲೆ ಹೆಬ್ಬೆರಳಿನ ಗುರುತು. ಭುಜಂಗ ಬಗ್ಗಿ ಮೂಸಿದರು.

“ಜೋಳದ ಹಿಟ್ಟು. ರೊಟ್ಟಿ ಬಡಿಯೂದು ಬಿಟ್ಟು ಓಡಿ ಬಂದಾರ. ಕಳ್ಳರು ಹಿಂಗ ಬರ್ತಾರೇನ್ರಿ?”

ಶೈಲಶ್ರೀಯ ಪೆನ್ನು ನಿಂತಿತು. ನಿನ್ನೆ ಅವಳಿಗೆ ವಾರದ ರಜೆ. ಒಂದು ಗಂಟೆಗೆ ಅವಳ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಮನೆಗೆಲಸದ ನಾಗವ್ವ “ಈಗ ಬಂದೆ ಅಕ್ಕಾರ” ಎಂದವಳೇ ಹಿಟ್ಟಿನ ಕೈಯಲ್ಲೇ ಮೆಟ್ಟಿಲಿಳಿದು ಓಡಿದ್ದಳು. ಹಂಚಿನ ಮೇಲಿನ ರೊಟ್ಟಿ ಸೀದುಹೋಗಿತ್ತು. ತಿರುಗಿ ಬಂದವಳನ್ನು ಶೈಲಶ್ರೀ ಬೈದಿದ್ದಳು.

“ಈ ಓಣ್ಯಾಗ ಮಧ್ಯಾಹ್ನ ರೊಟ್ಟಿ ಬಡಿಯೋಕಿ ನಾಗವ್ವ ಒಬ್ಬಾಕೀನ ಸರ್,” ಎಂದಳು. ಯಾರ ಮನೆಯಿಂದ ಓಡಿದಳೆಂದು ಹೇಳಲಿಲ್ಲ.

3.20ಕ್ಕೆ ವಿಚಾರಣೆ. ನಾಗವ್ವ ಅಲ್ಲಗಳೆಯಲಿಲ್ಲ.

“ಬೀಗ ಯಾಕ ಒಡದಿ?”

“ಸಕ್ಕರಿ ಬ್ಯಾನಿ ಅದ್ರಿ ಸಾಹೇಬ್ರ. ತಡಕೊಳ್ಳಾಕ ಆಗೂದಿಲ್ಲ. ಎರಡು ಸಲ ಸೀರ್ಯಾಗ...”

“ಕೆಲಸದ ಮನ್ಯಾಗ ಸಂಡಾಸ ಇಲ್ಲೇನು?”

“ಅದಾವ್ರಿ. ನಾವು ಹೋಗಂಗಿಲ್ಲ.”

“ಹಂಗಂದವರು ಯಾರು?”

ನಾಗವ್ವ ಶೈಲಶ್ರೀಯ ಕಡೆ ನೋಡಲೇ ಇಲ್ಲ. “ನಾ ಕೆಲಸಾ ಮಾಡೂ ನಾಕೂ ಮನಿಯವರು. ಹೆಸರು ಕೇಳಬ್ಯಾಡ್ರಿ, ನಾಳಿ ಮತ್ತ ಅಲ್ಲೇ ಹೋಗಬೇಕು.”

ಮೂರು ವರ್ಷದ ಹಿಂದೆ, ನಾಗವ್ವ ಕೆಲಸಕ್ಕೆ ಬಂದ ಮೊದಲ ದಿನ, ಡಬ್ಬಿಗಳ ಜಾಗ ತೋರಿಸುತ್ತ ಶೈಲಶ್ರೀ ಸಂಡಾಸಕ್ಕೆ ಹೋಗಬಾರದೆಂಬ ಮಾತನ್ನೂ ಅದೇ ದನಿಯಲ್ಲಿ ಹೇಳಿ ಮುಗಿಸಿದ್ದಳು.

4.15ಕ್ಕೆ ಬಂಧನ ದಾಖಲಾಯಿತು. ಠಾಣೆಯಲ್ಲೇ ಜಾಮೀನು ಸಿಗುವ ಪ್ರಕರಣ. ಹೇಳಿಕೆಯ ಕೆಳಗೆ ನಾಗವ್ವ ಅದೇ ಹೆಬ್ಬೆರಳು ಒತ್ತಿದಳು.

“ಆ ನಾಕೂ ಮನಿ ವಿಳಾಸ ಪತ್ತೆ ಮಾಡಿ ಬರೀರಿ. ಅವರನ್ನೂ ಕರದು ಕೇಳಬೇಕು,” ಎಂದು ಭುಜಂಗ ಎದ್ದು ಹೋದರು.

ಶೈಲಶ್ರೀ ಬಿಳಿ ಹಾಳೆಯಲ್ಲಿ ಒಂದರ ಕೆಳಗೊಂದು ನಾಲ್ಕು ಅಂಕಿ ಹಾಕಿದಳು. ಮೊದಲ ಅಂಕಿಯ ಮುಂದೆ ತನ್ನ ಮನೆಯ ವಿಳಾಸವನ್ನೇ ಬರೆಯುವುದೆಂದು ನಿರ್ಧರಿಸಿ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.